ಮೈಲಿಗಲ್ಲು ವಿಮಾನ ಹತ್ತಿದ್ದು

ವಿಮಾನದ ಟಿಕೆಟ್ ಬುಕ್ ಮಾಡಿಕೊಡುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತು ಅವನು ಮೂರು ಕುರ್ಚಿ ಸವೆಸಿದ್ದ. ಭೂಮಿಯ ಮೇಲಿನ ಯಾವ ಎರಡು ಊರು ಹೇಳಿದರೂ ಸರಿ, ನಡುವಿನ ದೂರ, ಹಾರುವ ಹೊತ್ತು, ದಾರಿಯಲ್ಲಿ ಸಿಗುವ ಮೋಡಗಳ ಲೆಕ್ಕ, ಎಲ್ಲ ನಾಲಿಗೆಯ ತುದಿಯಲ್ಲಿ. ದಾರಿ ತಪ್ಪಿದ ಪೈಲಟ್‌ಗಳು ಅವನಿಗೇ ಫೋನ್ ಮಾಡುತ್ತಿದ್ದರಂತೆ. ಅಂಥವನು ಒಮ್ಮೆಯೂ ವಿಮಾನದ ಮೆಟ್ಟಿಲು ತುಳಿದವನಲ್ಲ. ಅದಕ್ಕೇ ಅಕ್ಕ ಅವನಿಗೆ ಮೈಲಿಗಲ್ಲು ಎಂದು ಹೆಸರಿಟ್ಟಿದ್ದಳು: ಹೋಗುವವರಿಗೆಲ್ಲ ದೂರ ಹೇಳುತ್ತದೆ, ತಾನು ಮಾತ್ರ ನೆಟ್ಟಲ್ಲೇ ಇರುತ್ತದೆ.

ಈಗ ಆ ಅಕ್ಕನಿಗೇ, ಎಂಟು ಸಾವಿರದ ಇನ್ನೂರ ಹನ್ನೆರಡು ಕಿಲೋಮೀಟರ್ ಆಚೆ, ಎದೆಯ ಆಪರೇಷನ್. ಬೆಳಿಗ್ಗೆ ಒಂಬತ್ತಕ್ಕೆ. ಉಳಿದರೆ ಪುಣ್ಯ ಎಂದಿದ್ದರು ಡಾಕ್ಟರು.

"ಒಳಗೆ ಕರ್ಕೊಂಡು ಹೋಗೋ ಮುಂಚೆ ಮುಖ ತೋರಿಸ್ತೀಯೇನೋ?" ಎಂದು ಕೇಳಿದ್ದಳು ಫೋನಿನಲ್ಲಿ.

"ಹತ್ತು ಗಂಟೆ ಇಪ್ಪತ್ತು ನಿಮಿಷ, ಅಕ್ಕಾ. ಎಂಟಕ್ಕೆ ಇಳೀತೀನಿ, ಎಂಟೂಮುಕ್ಕಾಲಿಗೆ ನಿನ್ ಮಂಚದ ಹತ್ರ. ಒಂದು ನಿಮಿಷ ಆಚೀಚೆ ಆದ್ರೆ ಮೀಸೆ ಬೋಳಿಸ್ಕೋತೀನಿ."

"ನಿಂಗೆ ಮೀಸೆ ಎಲ್ಲಿದೆಯೋ," ಎಂದು ನಕ್ಕು, ಕೆಮ್ಮಿ, ಫೋನಿಟ್ಟಿದ್ದಳು.

ವಿಮಾನ ಹಾರಿದಾಗಿನಿಂದ ಪಕ್ಕದ ಸೀಟಿನ ಅಜ್ಜಿಗೆ ಅವನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತ ಬಂದ. ಎದುರಿನ ಪುಟ್ಟ ಪರದೆ ಉಳಿದ ದೂರ ತೋರಿಸುವ ಮೊದಲೇ, "ಈಗ ನಾನ್ನೂರು ನೋಡಿ," ಎನ್ನುವನು. ನಾನ್ನೂರೇ ಬರುವುದು.

"ಇದನ್ನ ಓಡಿಸ್ತಿರೋದು ನೀನಾ, ಮುಂದೆ ಕೂತೋರಾ?" ಎಂದಳು ಅಜ್ಜಿ.

ಅಂಕಿ ಮೂವತ್ತೆಂಟಕ್ಕೆ ಬಂದು ನಿಂತಿತು. ಆಮೇಲೆ ನಲವತ್ತೈದಾಯಿತು. ಅರವತ್ತಾಯಿತು. ಇಳಿಯುವ ದೂರವನ್ನಷ್ಟೇ ಮಾರಿದ್ದ ಅವನು ಬೆಳೆಯುವ ದೂರವನ್ನು ಕಂಡಿದ್ದೇ ಇಲ್ಲ.

"ಕೆಳಗೆ ದಟ್ಟ ಮಂಜು ಸರ್. ಅಪ್ಪಣೆ ಸಿಗೋತನಕ ಮೇಲೇ ಸುತ್ತಬೇಕು," ಎಂದಳು ಗಗನಸಖಿ.

"ಎಷ್ಟು ಹೊತ್ತು?"

"ಹೇಳೋಕಾಗಲ್ಲ."

"ನಮ್ಮಕ್ಕ ಕಾಯ್ತಿದ್ದಾಳಮ್ಮಾ."

ಅವಳು ಅವನ ಸೊಂಟದ ಕಡೆ ನೋಡಿದಳು. "ಬೆಲ್ಟ್ ಹಾಕ್ಕೊಳ್ಳಿ ಸರ್," ಎಂದು ಮುಂದೆ ಹೋದಳು.

ವಿಮಾನ ಗಾಣದೆತ್ತಿನಂತೆ ಸುತ್ತಿತು. ಎಂಟೂವರೆ. ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಎಂಟು ಐವತ್ತು. ಈಗ ಮಂಚ ತಳ್ಳುವವರು ಬಂದಿರುತ್ತಾರೆ; ಅಕ್ಕ ಬಾಗಿಲ ಕಡೆ ಕತ್ತು ತಿರುಗಿಸಿರುತ್ತಾಳೆ. ಮೂವತ್ತೆಂಟು ಕಿಲೋಮೀಟರನ್ನು ಅವನು ಕುಂಟಿಯಾದರೂ ನಡೆದಾನು, ತೆವಳಿಯಾದರೂ ಮುಟ್ಟಿಯಾನು. ಆದರೆ ಕಾಲ ಕೆಳಗೆ ನೆಲವೇ ಇರಲಿಲ್ಲ.

ಒಂಬತ್ತಾಯಿತು. ಪರದೆಯಲ್ಲಿ ಮತ್ತೆ ಮೂವತ್ತೆಂಟು.

"ಇನ್ನೆಷ್ಟು ಹೊತ್ತಪ್ಪಾ? ನೀನು ಹೇಳಿದ್ರೆ ನಂಗೆ ಧೈರ್ಯ," ಎಂದಳು ಅಜ್ಜಿ.

ಅವನು ಬಾಯಿ ತೆರೆದ. ಅಷ್ಟು ಊರು, ಅಷ್ಟು ದೂರ ತುಂಬಿದ್ದ ನಾಲಿಗೆ ಒಣಗಿತ್ತು.

"ಗೊತ್ತಿಲ್ಲ ಅಜ್ಜಿ."

ಅಜ್ಜಿ ತನ್ನ ಶಾಲು ತೆಗೆದು ಅವನೆದುರಿನ ಪರದೆಗೆ ಹೊದಿಸಿದಳು. ನೂಲಿನ ಸಂದಿಯಿಂದಲೂ ಅಂಕಿ ಕಾಣುತ್ತಿತ್ತು: ನಲವತ್ತೈದು.