ಪುಟ್ಟಿ ಮಲಗಿದ್ದ ಸೈಟು

"ಏಯ್, ಮಂಕರಿ ಎತ್ಕಂಡು ಆಕಡೆ ಹೋಗೇ ಬೋಸೂಡಿ! ಪೂಜೆ ತಟ್ಟೆ ಮೇಲೆ ಮಣ್ಣು ಬೀಳ್ತದೆ!"

ದೇವರಾಜು ಕೂಗಿದ್ದು ಸೈಟಿನ ಮಣ್ಣು ಹೊರುತ್ತಿದ್ದ ಕೂಲಿ ಚಲುವಮ್ಮನಿಗೆ. ಅವಳು ತಲೆಯ ಮೇಲಿನ ಮಂಕರಿ ಇಳಿಸಲೂ ಇಲ್ಲ, ಹೋಗಲೂ ಇಲ್ಲ. ಮೇಸ್ತ್ರಿ ಕುಟ್ಟಪ್ಪ ದೇವರಾಜುವಿನ ಹೊಸ ಮನೆಯ ಪಾಯಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ಲಂಟಾನದ ಪೊದೆ ದಾಟಿ ಬಂದದ್ದನ್ನೇ ನೋಡುತ್ತ ನಿಂತಿದ್ದಳು.

ಕುಶಾಲನಗರದ ಈ ಅಂಚಿನಲ್ಲಿ ಮೊದಲಿದ್ದದ್ದು ಅವರ ಗುಡಿಸಲುಗಳೇ. ಹಾಸನದ ಸೀಮೆಯಿಂದ ಬಂದು, ಚಳಿಜ್ವರದಲ್ಲಿ ನಡುಗುತ್ತಲೇ ಮುಳ್ಳು ಕಡಿದು ನೆಲ ಹಸನು ಮಾಡಿದ ಹೊಲೆಯರ ಗುಡಿಸಲುಗಳು. ಎರಡನೇ ಮಹಾಯುದ್ಧ ಮುಗಿದು ಕಾಫಿ ರೇಟು ಏರಿತು. ಮಡಿಕೇರಿಯಲ್ಲಿ ಕೊಡಗಿನದೇ ಸರ್ಕಾರ ಕೂತಿತು. ಬಸ್ಸಿನ ಮಾಲೀಕರು ಬಂದರು, ಪೆನ್ಶನ್ನಿನ ಸಾಹೇಬರು ಬಂದರು. ಹೆಂಚಿನ ಮನೆ ಒಂದೊಂದು ಎದ್ದಂತೆ ಗುಡಿಸಲು ಒಂದೊಂದು ಹಳ್ಳದಾಚೆಗೆ ಸರಿಯಿತು. ಅದೇ ಹಾಸನದ ಕಡೆಯಿಂದ ಹರಕು ಕಂಬಳಿ ಹೊದ್ದು ಬಂದಿದ್ದ ದೇವರಾಜು ಈಗ ಅಕ್ಕಿ ಗಿರಣಿಯ ಯಜಮಾನ. ಸತ್ತವರು ಮಾತ್ರ ಇದ್ದಲ್ಲೇ ಉಳಿದಿದ್ದರು.

"ಬುದ್ದೀ," ಎಂದಳು ಚಲುವಮ್ಮ. "ಅಲ್ಲಿ ನನ್ ಕೂಸು ಮಲಗೈತೆ. ಜ್ವರದಾಗೆ ಹೋದ್ಲಲ್ಲ, ಪುಟ್ಟಿ. ಗೆರೆಯ ಒಂದ್ ಮಾರು ಈಚ್ಗೆ ಎಳುಸ್ಕಳಿ. ನಿಮ್ ಕಾಲಿಗ್ ಬೀಳ್ತೀನಿ."

ಪುರೋಹಿತರ ಮಂತ್ರ ನಿಂತಿತು. "ಇದೇನ್ರೀ ದೇವರಾಜು! ಹೊಲೆಯರ ಹೆಣದ ಮೇಲೆ ಕೂರಿಸಿದೀರಾ ನನ್ನ? ಎಲುಬು ತೆಗೆಸದೆ ನಾನಿಲ್ಲಿ ಕೂರೋದಿಲ್ಲ."

ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು. ದೇವರಾಜು ಗುದ್ದಲಿಯನ್ನು ಅವಳ ಕಾಲ ಬಳಿ ಎಸೆದ.

"ನಾಕ್ ಜನದ ಎದ್ರುಗೆ ಮಾನ ಕಳುದ್ಯಲ್ಲೇ ಮುಂಡೆ! ನೀನೇ ಅಗಿ. ತೆಗ್ದು ಹೊಳೆಗೆ ಎಸಿ. ಇಲ್ದಿದ್ರೆ ಹಳ್ಳದಾಚೆ ಒಂದ್ ಗುಡ್ಲೂ ಇರಾಕಿಲ್ಲ, ಬೆಂಕಿ ಇಕ್ಕುಸ್ತೀನಿ."

ಹಳ್ಳದಾಚೆಯ ಗುಡಿಸಲಿನಲ್ಲಿ ಅವಳ ಗಂಡ ಕೆಂಪಣ್ಣ ಏಳಲಾರದೆ ಮಲಗಿದ್ದ.

"ನಾ ಅಗೀತೇನೆ, ಬಿಡಿ ಅಕ್ಕಾ," ಎಂದ ಕುಟ್ಟಪ್ಪ ಮೆಲ್ಲಗೆ.

"ಯಾರೂ ಮುಟ್ಬ್ಯಾಡಿ."

ಮಂಕರಿ ಇಳಿಸಿ ಅಗೆದಳು. ಮೊದಲು ಗುದ್ದಲಿಯಿಂದ, ಆಮೇಲೆ ಬೆರಳಿಂದ. ಮಗುವನ್ನು ಸುತ್ತಿದ್ದ ಸೀರೆಯ ತುಂಡು ಮಣ್ಣೇ ಆಗಿಹೋಗಿತ್ತು. ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡಳು, ಮಡಿಲು ತುಂಬಲಿಲ್ಲ. ಕೂಲಿ ಹೆಂಗಸರು ಬಾಯಿಗೆ ಸೆರಗೊತ್ತಿ ನಿಂತಿದ್ದರು.

"ಆಯ್ತಲ್ಲ, ನಡಿ ಹೊಳೆಗೆ," ಎಂದ ದೇವರಾಜು.

ಅವಳು ಹೊಳೆಯ ದಾರಿ ಹಿಡಿಯಲಿಲ್ಲ. ಗುದ್ದಲಿ ಹೆಗಲಿಗಿಟ್ಟು ಹೊಸ ಮನೆಗಳ ಸಾಲು ದಾಟಿದಳು. ಒಂದಕ್ಕೆ ಬೇಲಿ, ಇನ್ನೊಂದಕ್ಕೆ ಗೋಡೆ, ಮತ್ತೊಂದಕ್ಕೆ ನಾಯಿ. ಮಗುವನ್ನು ಇಡಲು ಗೇಣು ಜಾಗ ಕಾಣಲಿಲ್ಲ. ಮಡಿಕೇರಿ ರಸ್ತೆಗೆ ಬಂದವಳು ನಟ್ಟನಡುವೆ ಕುಕ್ಕರಿಸಿ, ತಲೆಯ ಸಿಂಬಿ ಬಟ್ಟೆ ಹಾಸಿ, ಮಡಿಲಲ್ಲಿದ್ದುದನ್ನು ಜೋಪಾನವಾಗಿ ಇಳಿಸಿದಳು. ಎದ್ದು ಗುದ್ದಲಿ ಬೀಸಿದಳು. ಜಲ್ಲಿ ಕಿತ್ತು ಬಂತು.

ದೇವರಾಜು ಓಡಿ ಬಂದ. "ಹುಚ್ ಹಿಡೀತೇನೇ? ರಸ್ತೆ ಕಣೇ ಅದು!"

"ಇದುಕ್ಕೊಂದುಕ್ಕೇ ನೀವ್ ಬೇಲಿ ಹಾಕಿಲ್ಲ. ಇಲ್ಲೇ ಮಡುಗ್ತೀನಿ. ಯಾವ್ ಬೋಳಿಮಗ ಎಬ್ಬುಸ್ತಾನೋ ಎಬ್ಬುಸ್ಲಿ."

ಮೈಸೂರಿನ ಬಸ್ಸು ಬಂದು ನಿಂತಿತು. ಡ್ರೈವರು ಹಾರನ್ ಒತ್ತಿದ, ಒತ್ತುತ್ತಲೇ ಇದ್ದ. ಕೂಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಸ್ಸಿನ ಮುಂದೆ ಕೂತರು. ಚಲುವಮ್ಮ ತಲೆಯೆತ್ತಲಿಲ್ಲ. ಗುಂಡಿ ಇನ್ನೂ ಮೊಣಕಾಲುದ್ದವೂ ಆಗಿರಲಿಲ್ಲ.