ಸೀಗಡಿ ಕೊಳೆಸಿದ ತೊಟ್ಟಿ

ನಂಬಬೇಡಿ. ನಂಬಿಸಲು ನಾನು ಬಂದಿಲ್ಲ. ಆದರೆ ಒಂದೇ ಒಂದು ಸತ್ತ ಸೀಗಡಿಯಿಂದ ಇಡೀ ಅರಮನೆಯ ಮೂಗು ಮುಚ್ಚಿಸಿದವನು ನಾನು. ಸುಳ್ಳು ಅನ್ನುವ ಗಂಡಸು ಕಥೆ ಮುಗಿಯುವವರೆಗೆ ಕೂತಿದ್ದು, ಆಮೇಲೆ ಎದ್ದು ಅನ್ನಲಿ, ನೋಡೋಣ.

ಆ ಊರಿನ ಸುತ್ತ ಕೋಟೆ, ಕೋಟೆಯೊಳಗೆ ಒಂದೇ ಸಿಹಿನೀರಿನ ಬಾವಿ. ಹೊರಗೆ ಕಡಲು, ಕಡಲಿಗೂ ಕೋಟೆಗೂ ನಡುವೆ ನಮ್ಮ ಕೇರಿ. ಬಂಡೆಗಳಿಂದ ಚಿಪ್ಪು ಕೆತ್ತಿ ಬದುಕುವವರು ನಾವು. ನಮ್ಮ ಕಡೆ ಎಲ್ಲಿ ತೋಡಿದರೂ ಉಪ್ಪುನೀರು. ಅದಕ್ಕೆಂದು ಗೋಡೆಯಲ್ಲಿ ಒಂದು ಕಲ್ಲಿನ ತೂಬು ಇಟ್ಟಿದ್ದರು. ಒಳಗಿನವರಿಗೆ ಮನಸ್ಸು ಬಂದಾಗ ಅದರಲ್ಲಿ ನೀರು ಸುರಿಯುವರು. ನಮ್ಮ ಹೆಂಗಸರು ಹೊರಗೆ ಕೊಡ ಹಿಡಿದು ಕಾಯುವರು. ನನ್ನ ಅವ್ವ ಬಿಸಿಲೇರುವ ತನಕ ನಿಂತು ಅರ್ಧ ಕೊಡ ತಂದ ದಿನಗಳೇ ಹೆಚ್ಚು. ಬಾವಿಯ ಹತ್ತಿರ ನಾವು ಸುಳಿಯುವಂತಿರಲಿಲ್ಲ. ಸುಳಿದರೆ ನೀರು ಕೆಡುತ್ತದಂತೆ.

ಆ ಊರಿನ ಅರಸಿಗೆ ಕಡಲ ಮೀನು ಸಾಕುವ ಆಸೆ ಹುಟ್ಟಿತು. ದೂರದೇಶದ ಕುಶಲಿಗರು ಅರಮನೆಯೊಳಗೇ ಕೂತು, ಆಳೆತ್ತರದ ಗಾಜಿನ ತೊಟ್ಟಿಯೊಂದನ್ನು ಒಂದೇ ಎರಕದಲ್ಲಿ ಮಾಡಿಕೊಟ್ಟು ಹೋದರು. ಕಡಲ ನೀರು ಬಂತು, ಬಣ್ಣಬಣ್ಣದ ಮೀನುಗಳು ಬಂದವು. ಬಂದವು ಸತ್ತವು. ಮತ್ತೆ ತಂದರು, ಮತ್ತೆ ಸತ್ತವು.

ಇದಕ್ಕೆ ಕಾರಣ ಅರಮನೆಯ ಒಂದು ಕಟ್ಟಳೆ: ನಿನ್ನೆಯ ನೀರು ಇಂದಿಗೆ ಮೈಲಿಗೆ. ಅದನ್ನು ಕಾಯಲೆಂದೇ ಶುದ್ಧಿಕಾರನೆಂಬ ಅಧಿಕಾರಿಯಿದ್ದ. ಅವನು ದಿನವೂ ತೊಟ್ಟಿ ಬರಿದು ಮಾಡಿಸಿ, ಮರಳು ಕುದಿಸಿ, ಕಲ್ಲುಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿಸಿ, ಹೊಸ ನೀರು ತುಂಬಿಸುತ್ತಿದ್ದ. ನೀರು ಕನ್ನಡಿಯಂತೆ ತಿಳಿ. ಸಂಜೆಯ ಹೊತ್ತಿಗೆ ಮೀನಿನ ಹೊಲಸೇ ಮೀನಿಗೆ ವಿಷವಾಗಿ, ಆ ತಿಳಿನೀರಿನ ಮೇಲೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಮೀನನ್ನು ಬದುಕಿಸಿದವರು ಕೇಳಿದ್ದನ್ನು ಕೊಡುತ್ತೇನೆಂದು ಅರಸಿ ಡಂಗುರ ಹೊಡೆಸಿದಳು. ನಾನು ಹೋದೆ. ಹೋಗದೆ ಇರುತ್ತೇನೆಯೇ? ನನ್ನಷ್ಟು ಹೊತ್ತು ಕಡಲಲ್ಲಿ ಮುಳುಗಿ ಕೂರುವವನು ಆ ತೀರದಲ್ಲಿ ಇನ್ನೊಬ್ಬ ಹುಟ್ಟಿಲ್ಲ.

ಶುದ್ಧಿಕಾರ ದೂರದಲ್ಲೇ ನಿಂತು ಕೇಳಿದ: "ಯಾರೋ ನೀನು?"

"ಕುಪ್ಪ. ಗೋಡೆಯಾಚೆಯವನು."

"ಅದು ವಾಸನೆಯಲ್ಲೇ ಗೊತ್ತಾಯಿತು. ಏನು ಮಾಡಬಲ್ಲೆ?"

"ನೀವು ಮಾಡುತ್ತಿರುವುದನ್ನು ನಿಲ್ಲಿಸಬಲ್ಲೆ ಸ್ವಾಮಿ."

ಅರಸಿಗೆ ನಗು ಬಂತು. ನಾನು ಅದೇ ಹೊತ್ತು ಸಾಧಿಸಿ ಹೇಳಿದೆ: "ಮೀನು ಹುಣ್ಣಿಮೆ ದಾಟಿದರೆ ನಮ್ಮ ಹೆಂಗಸರು ಬಾವಿಗೆ ಬಂದು ತಾವೇ ನೀರು ಸೇದಬೇಕು. ಸತ್ತರೆ ನನ್ನ ತಲೆ ಬೋಳಿಸಿ ಕತ್ತೆಯ ಮೇಲೆ ಕೂರಿಸಿ."

"ಆಗಲಿ," ಅಂದಳು. ಮೀನಿನ ಆಸೆಯಲ್ಲಿ ಬಾವಿಯ ಮಾತು ಕೇಳಿಸಿಕೊಂಡಳೋ ಇಲ್ಲವೋ.

ಬಂಡೆಯ ಬುಡದಿಂದ ನಾನು ಕಲ್ಲುಗಳನ್ನು ತಂದೆ. ಮೈಯೆಲ್ಲ ತೂತು, ಪಾಚಿ, ಲೋಳೆ. ಕಣ್ಣಿಗೆ ಕಾಣದ ಜೀವಗಳು ಅವುಗಳ ಸಂದಿಯಲ್ಲಿ ಕೂತು ಹೊಲಸನ್ನೇ ಉಂಡು ನೀರಿನ ವಿಷ ಕಳೆಯುತ್ತವೆ. ಇದನ್ನು ಹೇಳಿಕೊಟ್ಟದ್ದು ನನ್ನ ಅವ್ವ ಎಂದು ಕೇರಿಯಲ್ಲಿ ಕೆಲವರು ಅನ್ನುತ್ತಾರೆ. ಇರಬಹುದು. ಕಲ್ಲು ಹೊತ್ತವನು ನಾನು.

ಮೀನು ಬರುವ ಮೊದಲೇ ಆ ಜೀವಗಳು ಉಂಡು ಹೆಚ್ಚಬೇಕು. ಅದಕ್ಕೆ ಸತ್ತ ಸೀಗಡಿಯೊಂದನ್ನು ತೊಟ್ಟಿಗೆ ಹಾಕಿ ಕೊಳೆಯಲು ಬಿಟ್ಟೆ. ಅರಮನೆ ಎದ್ದು ಕುಣಿಯಿತು.

"ಅಯ್ಯಯ್ಯೋ, ಅರಮನೆಯ ನೀರಿನಲ್ಲಿ ಹೆಣ!" ಶುದ್ಧಿಕಾರ ಶಲ್ಯವನ್ನು ಮೂಗಿಗೆ ಒತ್ತಿಕೊಂಡ.

"ಹೆಣವಲ್ಲ ಸ್ವಾಮಿ, ಊಟ. ಒಳಗಿರುವವರು ಉಣ್ಣಬೇಕಲ್ಲ."

"ಒಳಗೆ ಯಾರಿದ್ದಾರೋ?"

"ನಿಮ್ಮ ಕಣ್ಣಿಗೆ ಬೀಳದವರು."

ನೀರು ಕದಡಿತು, ನಾರಿತು. ಗಾಜಿಗೆ ಕಂದು ಲೋಳೆ ಹಿಡಿಯಿತು. ಶುದ್ಧಿಕಾರ ಆಳುಗಳ ಕೈಗೆ ತೆಂಗಿನ ನಾರಿನ ಜುಂಗು ಕೊಟ್ಟು, ತಿಕ್ಕಿಸಲೆಂದು ಕರೆತಂದ. ನಾನು ಎರಡೂ ತೋಳು ಚಾಚಿ ತೊಟ್ಟಿಗೆ ಅಡ್ಡ ನಿಂತೆ. "ಬನ್ನಿ, ನನ್ನನ್ನು ಹಿಡಿದು ಆಚೆ ತಳ್ಳಿ," ಅಂದೆ. ತಳ್ಳಬೇಕಾದರೆ ಮುಟ್ಟಬೇಕಲ್ಲ! ಅಷ್ಟೂ ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತ ಹಿಂದೆ ಸರಿದರು. ನನ್ನ ಹುಟ್ಟು ನನಗೆ ಗುರಾಣಿಯಾದದ್ದು ಅಂದೇ.

ಸೀಗಡಿ ಕರಗಿತು. ನಾತ ತಾನಾಗಿ ಇಳಿಯಿತು, ನೀರು ತಾನಾಗಿ ತಿಳಿಯಾಯಿತು. ಅರಸಿ ಹಂಡೆ ತುಂಬ ಮೀನು ತರಿಸಿದ್ದಳು. ಎರಡನ್ನು ತೊಟ್ಟಿಗೆ ಬಿಟ್ಟು ಉಳಿದವನ್ನು ಕಡಲಿಗೆ ಕಳಿಸಿದೆ. ಹೊಸ ತೊಟ್ಟಿ ಒಮ್ಮೆಗೇ ಅಷ್ಟು ಹೊಟ್ಟೆಗಳನ್ನು ತಾಳುವುದಿಲ್ಲ.

ಇನ್ನೊಂದು ಗುಟ್ಟು ಕೇಳಿ. ನೀರು ಆವಿಯಾಗಿ ಇಳಿಯುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಇಳಿದಷ್ಟಕ್ಕೆ ಸಿಹಿನೀರನ್ನೇ ಸುರಿಯಬೇಕು, ಇಲ್ಲವಾದರೆ ಉಪ್ಪೇರಿ ಮೀನು ಸಾಯುತ್ತದೆ. ಉಪ್ಪುನೀರಿನ ಮೀನಿಗೆ ಬಾವಿಯಿಂದ ಬೆಳ್ಳಿಯ ಬಿಂದಿಗೆಯಲ್ಲಿ ನೀರು ಬರತೊಡಗಿತು. ಆ ಹೊತ್ತಿನಲ್ಲಿ ಅವ್ವ ತೂಬಿನ ಕೆಳಗೆ ನಿಂತಿರುತ್ತಿದ್ದಳು.

ಹುಣ್ಣಿಮೆ ದಾಟಿತು. ಎರಡೂ ಮೀನು ರೆಕ್ಕೆ ಬಡಿಯುತ್ತಿದ್ದವು. ನಾನು ಬಾವಿ ಕೇಳಿದೆ.

"ಮೀನಿನ ಮಾತು ಬೇರೆ, ಬಾವಿಯ ಮಾತು ಬೇರೆ," ಅಂದ ಶುದ್ಧಿಕಾರ. ಅರಸಿ ಕಿಟಕಿಯ ಕಡೆ ತಿರುಗಿಕೊಂಡಳು.

"ಹಾಗೋ? ನನ್ನ ಕಲ್ಲುಗಳನ್ನು ನಾನು ಒಯ್ಯುತ್ತೇನೆ," ಎಂದು ತೊಟ್ಟಿಗೆ ಕೈ ಇಳಿಸಿದೆ.

"ನಿಲ್ಲೋ ಕುಪ್ಪಾ!" ಅರಸಿ ಕಿರುಚಿದಳು.

ಬಾಗಿಲು ಹಾಕಿಕೊಂಡು ಸಭೆ ನಡೆಸಿದರು. ಮೀನು ಸಾಯಬಾರದು. ಮೀನು ಬದುಕಬೇಕಾದರೆ ಕುಪ್ಪ ದಿನವೂ ಬರಬೇಕು. ಕುಪ್ಪ ಬಂದರೆ ಅವನ ಹಿಂದೆ ಕೇರಿಯೂ ಬರುತ್ತದೆ. ಆದ್ದರಿಂದ ತೊಟ್ಟಿಯೇ ಕುಪ್ಪನ ಬಳಿ ಹೋಗಲಿ. ಶುದ್ಧಿಕಾರ ತನ್ನ ಬುದ್ಧಿಗೆ ತಾನೇ ತಲೆದೂಗಿದ.

ತೊಟ್ಟಿ ಕಡಲ ಕಡೆಯ ಸಣ್ಣ ಕೋಟೆಬಾಗಿಲಲ್ಲಿ ತೂರಲಿಲ್ಲ. ಗೋಡೆ ಒಡೆದರು. ಚಿಪ್ಪಿನವರು ಒಳಗೆ ಬರಬಾರದೆಂದು ಕೋಟೆ ತನ್ನ ಗೋಡೆಯನ್ನು ತಾನೇ ಒಡೆದುಕೊಂಡಿತು! ಲೋಳೆಯ ಕಲ್ಲು ಮುಟ್ಟಲು ಅರಮನೆಯವರು ಯಾರೂ ಒಪ್ಪಲಿಲ್ಲವಾಗಿ, ನಮ್ಮ ಕೇರಿಯವರೇ ಕೊಡ ಬುಟ್ಟಿ ಹಿಡಿದು ಒಳಗೆ ಹೋಗಿ ಎಲ್ಲವನ್ನೂ ಹೊತ್ತು ತಂದರು. ಅವ್ವ ಮಾತ್ರ ಬಾವಿಯ ಹತ್ತಿರ ನಿಂತಳು. ಹಗ್ಗ ಇಳಿಬಿಟ್ಟಳು.

"ಏಯ್, ಏನದು?" ಶುದ್ಧಿಕಾರ ಕೂಗಿದ.

"ತೊಟ್ಟಿಗೆ ಸಿಹಿನೀರು ಸ್ವಾಮಿ. ಅರಮನೆಯ ಮೀನು. ಉಪ್ಪೇರಿ ಸತ್ತರೆ ನೀವು ಜವಾಬ್ದಾರರೋ?" ಅಂದಳು ಅವ್ವ.

ಅವನು ಅರಸಿಯ ಮುಖ ನೋಡಿದ. ಅರಸಿ ತನ್ನ ಮೀನಿನ ಹಿಂದೆ ಆಗಲೇ ಗೋಡೆ ದಾಟಿದ್ದಳು. ಈಗಲೂ ಸಂಜೆಯಾದರೆ ಅದೇ ಕಂಡಿಯಿಂದ ಹೊರಗೆ ಬಂದು, ನಮ್ಮ ಕೇರಿಯ ನಡುವೆ ಮಣೆ ಹಾಕಿಸಿಕೊಂಡು ಮೀನು ನೋಡುತ್ತಾಳೆ. ಕಂಡಿ ಮುಚ್ಚಿಸುವ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮ ಹೆಂಗಸರು ಬೆಳಗಾದರೆ ಸಾಲಾಗಿ ಒಳಗೆ ಹೋಗಿ ತೊಟ್ಟಿಗೆಂದು ನೀರು ಸೇದುತ್ತಾರೆ. ಆ ತೊಟ್ಟಿಗೆ ದಿನಕ್ಕೆ ಎಷ್ಟು ಕೊಡ ಹಿಡಿಯುತ್ತದೆಂದು ಅರಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ಹೇಳುವವನು ನಾನೇ.

ಬಾವಿಯನ್ನು ಅರಸಿ ನಮಗೆ ಕೊಡಲೇ ಇಲ್ಲ. ಗೆದ್ದದ್ದಕ್ಕೆ ನನಗೆ ಕೊನೆಗೆ ಕೊಟ್ಟದ್ದು ಒಂದು ಗಾಜಿನ ತೊಟ್ಟಿ, ಅದರಲ್ಲಿ ಎರಡು ಮೀನು.