ಕಟ್ಟೆಯ ಎತ್ತರ

"ಬಾಗಿಲು ರಸ್ತೆಯ ಕಡೆಗೆ ಇಡುವುದಾ, ಚಿನ್ನಯ್ಯಣ್ಣ?"

"ಆಗ್ಬಹುದು."

"ಕಿಟಕಿ ಇಲ್ಲಿ?"

"ಆಗ್ಬಹುದು."

ಮೇಸ್ತ್ರಿ ಇಬ್ರಾಹಿಂ ಖಲೀಲ್ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಗುಡ್ಡ ಜರಿದು ಹಳೆಯ ಮನೆಯನ್ನೂ ಒಳಗಿದ್ದ ಹೆಂಡತಿ ಶಶಿಪ್ರಭಾಳನ್ನೂ ಎಳೆದುಕೊಂಡು ಹೋದ ಮೇಲೆ ಚಿನ್ನಯ್ಯನ ಬಾಯಲ್ಲಿ ಉಳಿದದ್ದು ಆ ಒಂದೇ ಮಾತು. ಆ ಬೆಳಿಗ್ಗೆ ಅವನು ಎಂದಿನಂತೆ ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಬಸ್ಸು ಓಡಿಸುತ್ತಿದ್ದ. ಸುದ್ದಿ ಬಂದಾಗ ಅಳಲಿಲ್ಲ, ಹೆಣ ಸಿಕ್ಕಾಗಲೂ ಅಳಲಿಲ್ಲ. ಅಳು ಬಾರದ್ದಕ್ಕೆ ಅವನಿಗೇ ನಾಚಿಕೆಯಾಗಿತ್ತು.

ಊರಿನವರು ಅದನ್ನೆಲ್ಲ ಕೇಳುವುದಕ್ಕೆ ಹೋಗಲಿಲ್ಲ. ಮಸೀದಿಯವರೂ ಭಜನಾ ಮಂದಿರದವರೂ ಸೇರಿ, ಭಾನುವಾರ ಬಂತೆಂದರೆ ಕೆಲಸ ಎಂದು ನಿಶ್ಚಯಿಸಿ, ರಸ್ತೆ ಬದಿಯ ಸಮತಟ್ಟು ಜಾಗದಲ್ಲಿ ಅವನಿಗೊಂದು ಮನೆ ಎಬ್ಬಿಸತೊಡಗಿದ್ದರು. ಜಗಳವಾಡದೆ ಒಂದು ಪುಣ್ಯದ ಕೆಲಸ ಮಾಡಿ ಗೊತ್ತಿಲ್ಲದ ಜನ. ಸಿಮೆಂಟು ಹೆಚ್ಚಾಯಿತೆಂದು ಒಬ್ಬ, ಕಡಿಮೆಯಾಯಿತೆಂದು ಇನ್ನೊಬ್ಬ. ಆದರೂ ಗೋಡೆ ಮೇಲೆ ಬಂತು. ಚಿನ್ನಯ್ಯ ಮಾತ್ರ ಯಾರದ್ದೋ ಮನೆಗೆ ಹೊರುವವನ ಹಾಗೆ ಕಲ್ಲು ಹೊರುತ್ತಿದ್ದ. ಇಲ್ಲಿ ಒಬ್ಬನೇ ಇರಲಿಕ್ಕೆ ತನ್ನಿಂದ ಆದೀತೇ ಎಂಬುದು ಅವನಿಗೆ ತಿಳಿದಿರಲಿಲ್ಲ.

ಗೋಡೆ ಎದ್ದ ಮೇಲಿನ ಒಂದು ಭಾನುವಾರ ನೆರೆಯ ನಬೀಸಾ ಎಲ್ಲರಿಗೂ ಚಹಾ ತಂದಳು. ಕಂಕುಳಲ್ಲಿ ಒಂದು ಮರದ ಮಣೆಯಿತ್ತು.

"ಹಳೆ ಮನೆಯ ಮಣ್ಣು ತೆಗೆಯುವಾಗ ಸಿಕ್ಕಿತು ಅಣ್ಣ. ತೊಳೆದು ಇಟ್ಟಿದ್ದೆ. ಶಶಿಯಕ್ಕನದ್ದಲ್ವಾ?"

ಅವಳದ್ದೇ. ಹಳೆಯ ಮನೆಯ ಅಡುಗೆ ಕಟ್ಟೆ ಗಿಡ್ಡ ಆಳಾದ ಶಶಿಪ್ರಭಾಳಿಗೆ ಎತ್ತರವಾಗಿತ್ತು. ಆ ಮಣೆಯ ಮೇಲೆ ನಿಂತೇ ಅವಳು ಸಾರು ಕಲಕಬೇಕಿತ್ತು. "ಇದನ್ನು ಕಟ್ಟಿಸಿದ್ದು ನಿಮಗೋ ನನಗೋ?" ಎಂದು ಆಗಾಗ ಕೆಣಕುತ್ತಿದ್ದಳು. "ಈ ಮಳೆ ಮುಗೀಲಿ, ತಗ್ಗಿಸುವ," ಎನ್ನುತ್ತಿದ್ದ ಇವನು. ಎಷ್ಟು ಮಳೆಗಾಲ ಮುಗಿದವೋ, ಕಟ್ಟೆ ಹಾಗೆಯೇ ಉಳಿಯಿತು.

ಚಿನ್ನಯ್ಯ ಮಣೆಯನ್ನು ತೆಗೆದುಕೊಂಡ. ಎಲ್ಲಿ ಇಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತ.

ಅಷ್ಟರಲ್ಲಿ ಒಳಗಿನಿಂದ ಖಲೀಲ್ ಕರೆದ. ಚಿನ್ನಯ್ಯನ ಎತ್ತರವನ್ನು ಕಣ್ಣಲ್ಲೇ ಅಳೆದು ಗೋಡೆಗೆ ಗೆರೆ ಹಾಕಿದ್ದ. "ಅಡುಗೆ ಕಟ್ಟೆ ಇಷ್ಟಕ್ಕೆ ಬರ್ತದೆ. ಸಾಕಲ್ವಾ?"

ಉತ್ತರ ಏನೆಂದು ಗೊತ್ತಿದ್ದವನಂತೆ ಅವನು ಆಗಲೇ ಮಟ್ಟ ಹಿಡಿಯುವ ದಾರ ಬಿಚ್ಚತೊಡಗಿದ್ದ.

"ಬೇಡ," ಎಂದ ಚಿನ್ನಯ್ಯ.

ಖಲೀಲನ ಕೈ ನಿಂತಿತು. ಚಿನ್ನಯ್ಯ ಮಣೆಯನ್ನು ಕಂಕುಳಿಗೆ ಸೇರಿಸಿ, ಗೆರೆಯಿಂದ ಸಾಕಷ್ಟು ಕೆಳಗೆ ಅಂಗೈ ಊರಿದ.

"ಇಲ್ಲಿಗೆ ಮಾಡು."

"ಅಷ್ಟು ತಗ್ಗಿಸಿದರೆ ನಿಮಗೆ ಕಷ್ಟ ಅಣ್ಣ. ಇನ್ನು ಅಲ್ಲಿ ನಿಲ್ಲುವವರು ನೀವೇ ಅಲ್ವಾ? ಬೆನ್ನು ನೋವು ಬರ್ತದೆ."

"ಬರಲಿ. ಬಗ್ಗಿ ಮಾಡ್ತೇನೆ."

ಖಲೀಲ್ ಬಾಗಿಲಲ್ಲಿ ನಿಂತಿದ್ದ ನಬೀಸಾಳ ಮುಖ ನೋಡಿದ. ಅವಳು ಖಾಲಿ ಗ್ಲಾಸುಗಳನ್ನು ಹೆಕ್ಕುವ ನೆವದಲ್ಲಿ ಹೊರಗೆ ಹೋದಳು. ಹೊರಗೆ ಮರಳಿನ ವಿಷಯಕ್ಕೆ ಮತ್ತೆ ಜಗಳ ಹತ್ತಿತ್ತು.

ಮೇಸ್ತ್ರಿ ಹಳೆಯ ಗೆರೆಯನ್ನು ಒದ್ದೆ ಬೆರಳಿನಿಂದ ಉಜ್ಜಿದ. ಚಿನ್ನಯ್ಯನ ಅಂಗೈಗೆ ತಾಗಿಸಿಯೇ ಹೊಸ ಗೆರೆ ಎಳೆದ.

"ಆಯ್ತು ಅಣ್ಣ. ಇನ್ನು ಕೈ ತೆಗೀಬಹುದು."

ಚಿನ್ನಯ್ಯ ತೆಗೆಯಲಿಲ್ಲ. ಖಲೀಲ್ ದಾರ ಹಿಡಿದುಕೊಂಡು ಕಾದ.